‘ಲೇಡಿ ಸ್ಟಾಫ್ ಇಲ್ಲ, ನಾಳೆ ಬಾ’



ಕ್ಯಾಸನೂರು ಸೊರಬ ತಾಲ್ಲೂಕಿನ ಒಂದು ಸಣ್ಣ ಊರು. ಪಕ್ಕದ ಜಿಲ್ಲೆಯವರನ್ನು ಕೇಳಿದರೆ ‘ಎಲ್ಲಿದೆ ಅದು?’ ಎಂದಾರು. ಆದರೆ ದೂರದ ದೇಶಗಳ ವೈದ್ಯರ ಪುಸ್ತಕಗಳಲ್ಲಿ ಅದರ ಹೆಸರು ಅಚ್ಚಾಗಿದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನರೂ ಜ್ವರ ಹಿಡಿದು ಮಲಗಿದರು. ಉಣುಗು ಕಚ್ಚಿ ಬರುವ ಆ ಜ್ವರಕ್ಕೆ ಜಗತ್ತೆಲ್ಲ ಈ ಊರಿನ ಹೆಸರನ್ನೇ ಇಟ್ಟಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ದರಗು ಗುಡಿಸಲು, ಸೊಪ್ಪು ಸೌದೆ ತರಲು ಕಾಡಿಗೆ ಹೋಗುವ ನಮ್ಮ ಹೆಂಗಸರಿಗೆ ಅದರ ಭಯ ಇಂದಿಗೂ ತಪ್ಪಿಲ್ಲ. ಮಂಗ ಸತ್ತು ಬಿದ್ದದ್ದು ಕಂಡರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೇಳಿ ಹೋಗುತ್ತಾರೆ.

ಈ ಸಲದ ಸಂಪಾದಕೀಯಕ್ಕೂ ಮಂಗನ ಕಾಯಿಲೆಗೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ಕಟ್ಟಿದವರು ಆ ಊರಿನ ಸಂಘದ ಒಬ್ಬ ಹಿರಿಯ ಸದಸ್ಯೆ. ಅವತ್ತು ಉಳಿತಾಯದ ಹಣ ಎಣಿಸಿ, ಪುಸ್ತಕಕ್ಕೆ ಬರೆದು ಮುಗಿದ ಮೇಲೆ ‘ಮನೆಯೊಳಗಿನ ಹೊಡೆತ’ದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ನಾನು ಕಾಯಿದೆ ಹೇಳತೊಡಗಿದೆ. ಅವರು ಎಲೆ ಅಡಿಕೆ ಮೆಲ್ಲುತ್ತ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು: “ಅಕ್ಕೋರೇ, ಮಂಗ ಸತ್ರೆ ಜೀಪು ಬರ್ತದೆ. ನಾವು ಹೊಡ್ತ ತಿಂದು ಬಿದ್ರೆ ಯಾವ ಜೀಪೂ ಬರದಿಲ್ಲ.”

112ಕ್ಕೆ ಫೋನ್ ಮಾಡಿದರೆ ಬರುತ್ತದಲ್ಲ ಎಂದೆ. ಎಲ್ಲರೂ ನಕ್ಕರು. ಒಬ್ಬಾಕೆ ಹೇಳಿದಳು: “ಬರ್ತದೆ. ಬರೋರು ಗಂಡಸರು. ಗಂಡನ್ನ ಪಕ್ಕಕ್ಕೆ ಕರ್ದು ಬುದ್ಧಿ ಹೇಳಿ ಹೋಗ್ತಾರೆ. ಜೀಪು ತಿರುವು ದಾಟೋದ್ರೊಳಗೆ ಮತ್ತೆ ಶುರು.”

ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗಿಯ ಕಡೆ ಎಲ್ಲರ ಕಣ್ಣು ತಿರುಗಿತು. ಮದುವೆಯಾಗಿ ಮೂರು ವರ್ಷ. ಮಾತಾಡಿದ್ದ ವರದಕ್ಷಿಣೆಯಲ್ಲಿ ಬೈಕಿನ ದುಡ್ಡು ಬಾಕಿ ಇತ್ತು. ಶುಂಠಿ ಬೆಳೆ ಕೊಳೆತು ತವರಿನವರು ಕೊಡಲಾಗಲಿಲ್ಲ. ಒಂದು ರಾತ್ರಿ ಗಂಡ ಸೌದೆ ಸೀಳಿನಿಂದ ತೋಳಿಗೆ ಹೊಡೆದ. ಬೆಳಿಗ್ಗೆ ಚಿಕ್ಕಮ್ಮನ ಜೊತೆ ಎರಡು ಬಸ್ಸು ಹತ್ತಿ ಠಾಣೆಗೆ ಹೋದಳು. ಯಾವ ಠಾಣೆ ಎಂದು ನಾನಿಲ್ಲಿ ಬರೆಯುವುದಿಲ್ಲ; ಅದೊಂದೇ ಠಾಣೆಯ ಕತೆಯಾಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ. “ಲೇಡಿ ಸ್ಟಾಫ್ ಬಂದೋಬಸ್ತಿಗೆ ಹೋಗಿದ್ದಾರೆ, ಕೂತಿರು” ಎಂದರು. ಬೆಂಚಿನ ಮೇಲೆ ಸಂಜೆ ನಾಲ್ಕರವರೆಗೆ ಕೂತಳು. “ಇವತ್ತು ಲೇಡಿ ಸ್ಟಾಫ್ ಬರೋದಿಲ್ಲ, ನಾಳೆ ಬಾ” ಎಂದರು. ಕೊನೆಯ ಬಸ್ಸು ತಪ್ಪೀತೆಂದು ಇಬ್ಬರೂ ಎದ್ದರು. ಹುಡುಗಿ ಹೋಗಿದ್ದು ಅದೇ ಗಂಡನ ಮನೆಗೆ. ಠಾಣೆಗೆ ಹೋಗಿ ಬಂದಳು ಎಂಬ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ತಲುಪಿತ್ತು.

ಸಂಘದವರು ಅವಳನ್ನು ಕರೆದುಕೊಂಡು ಮತ್ತೆ ಹೋಗಿ, ಲಿಖಿತ ದೂರು ಕೊಟ್ಟು, ಎಫ್‌ಐಆರ್ ಪ್ರತಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ತೋಳಿನ ಬಾವು ಇಳಿದಿತ್ತು. ಡಾಕ್ಟರು ಪರೀಕ್ಷೆ ಮಾಡಿದರು. ಗಾಯದ ಸರ್ಟಿಫಿಕೇಟಿನಲ್ಲಿ ಬರೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಗಂಡನ ಅಥವಾ ಗಂಡನ ಮನೆಯವರ ಕ್ರೌರ್ಯದ ದೂರನ್ನು ಬರೆದುಕೊಳ್ಳಲು ಮಹಿಳಾ ಪೊಲೀಸೇ ಬೇಕೆಂದು ಕಾನೂನು ಹೇಳುವುದಿಲ್ಲ. ಅತ್ಯಾಚಾರ, ಲೈಂಗಿಕ ಕಿರುಕುಳ, ಆಸಿಡ್ ದಾಳಿಯಂಥ ಅಪರಾಧಗಳ ಮಾಹಿತಿಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು; ಅದು ಸರಿಯಾದದ್ದೇ. ಆದರೆ ವರದಕ್ಷಿಣೆ ಹಿಂಸೆಯ ದೂರನ್ನು ಠಾಣೆಯಲ್ಲಿ ಇರುವ ಅಧಿಕಾರಿ ತೆಗೆದುಕೊಳ್ಳಲೇಬೇಕು. 1983ರಿಂದ ನಾವು ‘498ಎ’ ಎಂದು ಬಾಯಿಪಾಠ ಮಾಡಿಕೊಂಡಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ. ವರದಕ್ಷಿಣೆ ಸಾವಿನ ‘304ಬಿ’ ಈಗ 80. ನಂಬರು ಬದಲಾಗಿದೆ, ಹೊಡೆತ ಬದಲಾಗಿಲ್ಲ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ಆಗದಿದ್ದರೆ ದೂರು ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ, ಹಿಂಬರಹ ಕೇಳಿ. ಬಾಯಿಮಾತಿನ ‘ನಾಳೆ ಬಾ’ಗೆ ಬೆಲೆಯಿಲ್ಲ, ಅದನ್ನೇ ಕಾಗದದ ಮೇಲೆ ಬರೆದು ಕೊಡಿ ಎಂದರೆ ಎಷ್ಟೋ ಸಲ ಅವತ್ತೇ ಕೆಲಸ ಆಗುತ್ತದೆ.

ಅಂದು ಊರಿಗೆ ಮರಳುವಾಗ ಪೊಲೀಸರ ಮೇಲೆ ನನಗೆ ಕೆಂಡದಂಥ ಕೋಪ ಬಂದಿತ್ತು. ಒಂದು ಕಟುವಾದ ಸಂಪಾದಕೀಯವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಅದು ಅಚ್ಚಿಗೆ ಹೋಗದೇ ಇದ್ದದ್ದಕ್ಕೆ ಒಂದು ಬಸ್ ಪ್ರಯಾಣ ಕಾರಣ.

ಶಿವಮೊಗ್ಗದಿಂದ ಸೊರಬಕ್ಕೆ ಹೊರಟ ರಾತ್ರಿಯ ಬಸ್ಸು. ನನ್ನ ಪಕ್ಕ ಬಂದು ಕೂತವಳು ಖಾಕಿ ಪ್ಯಾಂಟಿನ ಮೇಲೆ ಸ್ವೆಟರ್ ಹಾಕಿಕೊಂಡಿದ್ದ ಹೆಣ್ಣುಮಗಳು. ಮೂವತ್ತು ದಾಟಿರಲಿಕ್ಕಿಲ್ಲ. ಕಂಡಕ್ಟರ್ ಇಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಟ್ಟ. ಬಸ್ಸು ಊರು ದಾಟುತ್ತಲೇ ಅವಳು ಬಗ್ಗಿ ಬೂಟಿನ ಲೇಸು ಬಿಚ್ಚಿದಳು. ಕಾಲು ಹೊರಗೆ ತೆಗೆದಳು. ಕಾಲುಚೀಲದ ಅಚ್ಚು ಪಾದದ ಮೇಲೆ ಗೆರೆ ಕೊರೆದಂತೆ ಕೂತಿತ್ತು, ಪಾದ ಊದಿತ್ತು. ನನ್ನ ಬಾಟಲಿಯ ನೀರು ಕೊಟ್ಟೆ. ಮೊದಲು ಬೇಡವೆಂದಳು. ಆಮೇಲೆ, ‘ಇನ್ನು ಮನೆಗೇ ಅಲ್ವಾ’ ಎಂದು ತನಗೆ ತಾನೇ ಹೇಳಿಕೊಂಡು ಅರ್ಧ ಬಾಟಲಿ ಗಟಗಟ ಕುಡಿದಳು.

ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲವಂತೆ. ಬಂದೋಬಸ್ತಿನ ದಿನ ಕುಡಿಯುವುದೇ ಇಲ್ಲವಂತೆ. ಕುಡಿದರೆ ಹೋಗುವುದೆಲ್ಲಿ? ರಸ್ತೆ ಬದಿಯಲ್ಲಿ ಎಂಟು ಹತ್ತು ಗಂಟೆ ನಿಲ್ಲಬೇಕು. ಗಂಡಸರು ಮರದ ಹಿಂದೆ ಹೋಗಿ ಬರುತ್ತಾರೆ. ಇವಳು ಯಾರದಾದರೂ ಮನೆಯ ಕದ ತಟ್ಟಬೇಕು. ಸಮವಸ್ತ್ರದಲ್ಲಿ ಹೋಗಿ ಕದ ತಟ್ಟಿದರೆ ಮನೆಯವರು ಮೊದಲು ಹೆದರುತ್ತಾರೆ, ಆಮೇಲೆ ಅಕ್ಕಪಕ್ಕದವರು ಆ ಮನೆಗೆ ಪೊಲೀಸು ಯಾಕೆ ಬಂದಿದ್ದರು ಎಂದು ಒಂದು ವಾರ ಮಾತಾಡುತ್ತಾರೆ. ಹಾಗಾಗಿ ನೀರು ಬಿಡುವುದೇ ಸುಲಭ. ಉರಿಮೂತ್ರ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ, ಮಾತ್ರೆ ಬ್ಯಾಗಿನಲ್ಲೇ ಇರುತ್ತದೆ. ಮುಟ್ಟಿನ ದಿನ ಬಂದೋಬಸ್ತ್ ಬಿದ್ದರೆ? ಅವಳು ಕಿಟಕಿಯ ಕಡೆ ನೋಡಿದಳು. “ಎರಡೆರಡು ಇಟ್ಕೊಳ್ಳೋದು ಅಕ್ಕ. ಖಾಕಿ ಬಣ್ಣಕ್ಕೆ ಕಲೆ ಬೇಗ ಕಾಣ್ತದೆ.”

ಮುಟ್ಟಿನ ರಜೆಯ ಬಗ್ಗೆ ಕೇಳಿದೆ. ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತಲ್ಲ? ಅವಳು ನಕ್ಕಳು. ಠಾಣೆಯಲ್ಲಿ ಇರುವವರೇ ಇಬ್ಬರು ಹೆಂಗಸರು. ಒಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಇವಳು ರಜೆ ಹಾಕಿದರೆ ಅವತ್ತು ಠಾಣೆಗೆ ಬರುವ ಹೆಣ್ಣಿನ ಮುಂದೆ ಯಾರು ಕೂರಬೇಕು?

ಅವಳ ದಿನಚರಿ ಕೇಳಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮನೆಯ ಅಡುಗೆ, ಮಗುವಿನ ಬುತ್ತಿ. ಎಂಟಕ್ಕೆ ರೋಲ್ ಕಾಲ್. ಆಮೇಲೆ ಯಾವ ಕೆಲಸ ಬೀಳುತ್ತದೆಂದು ಅವತ್ತೇ ಗೊತ್ತಾಗುವುದು. ಪರೀಕ್ಷೆ ನಡೆಯುವ ಶಾಲೆಯ ಗೇಟು. ಮಂತ್ರಿ ಬಂದರೆ ಹೆಲಿಪ್ಯಾಡಿನ ಬಿಸಿಲು. ಗಣಪತಿ ಬಿಡುವಾಗ ನಡುರಾತ್ರಿ ದಾಟುವ ಮೆರವಣಿಗೆ. ಆರೋಪಿ ಹೆಂಗಸನ್ನು ಕೋರ್ಟಿಗೆ, ಅಲ್ಲಿಂದ ಜೈಲಿಗೆ ಕರೆದೊಯ್ಯುವುದು. ಹೆಂಗಸನ್ನು ಶೋಧ ಮಾಡಬೇಕಾದರೆ ಹೆಂಗಸೇ ಮಾಡಬೇಕು, ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಬಂಧಿಸಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿಯೊಡನೆ ಮಹಿಳಾ ಅಧಿಕಾರಿ ಬೇಕು. ಈ ನಿಯಮಗಳೆಲ್ಲ ನಮ್ಮ ರಕ್ಷಣೆಗೆ ಬಂದವು, ಬರಬೇಕೆಂದು ನಾವೇ ಬೀದಿಗಿಳಿದೆವು. ಆದರೆ ಪ್ರತಿಯೊಂದು ನಿಯಮದ ಕೊನೆಗೆ ಅದನ್ನು ಹೊರಬೇಕಾದ ಒಂದು ಹೆಣ್ಣಿನ ಮೈ ಇದೆ, ಮತ್ತು ಬಹಳ ಠಾಣೆಗಳಲ್ಲಿ ಅದು ಒಂದೇ ಇದೆ ಎಂದು ನಾವು ಲೆಕ್ಕ ಹಾಕಿರಲಿಲ್ಲ.

ಅವಳು ಹೇಳಿದ ಕೆಲಸಗಳಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರು ಬಂದು ಶವ ಪಂಚನಾಮೆ ಮಾಡಬೇಕು, ಶವಪರೀಕ್ಷೆ ಆಗಲೇಬೇಕು. ಇದು ನಿಮಗೆ ಗೊತ್ತು. ತಹಶೀಲ್ದಾರರು ಗಂಡಸು, ಪಂಚರು ಗಂಡಸರು, ಫೋಟೋ ತೆಗೆಯುವವನೂ ಗಂಡಸು. ಬಾವಿಯಿಂದ ಎತ್ತಿದ ಅಥವಾ ಬೆಂದು ಹೋದ ಆ ಹೆಣ್ಣಿನ ಸೀರೆ ಸರಿಸಿ, ಮೈ ಮಗ್ಗುಲಾಗಿಸಿ, ಎಲ್ಲೆಲ್ಲಿ ಏನೇನು ಗುರುತಿದೆ ಎಂದು ನೋಡಿ ಹೇಳಬೇಕಾದವಳು ಇವಳು. ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಅವಳ ಕಣ್ಣು ತಪ್ಪಿಸಿದ ಒಂದು ಹಳೆಯ ಬರೆ, ಒಂದು ಕಚ್ಚಿದ ಗುರುತು ಪಂಚನಾಮೆಗೆ ಬರದೇ ಹೋಗಬಹುದು. ಹದಿನಾಲ್ಕು ಗಂಟೆ ಕೆಲಸ ಮಾಡಿದ ಕಣ್ಣು ಎಷ್ಟು ನೋಡೀತು?

ಸುಟ್ಟ ಗಾಯದ ಹೆಣ್ಣು ಬದುಕಿದ್ದರೆ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಾವಲು. “ಹಗಲೆಲ್ಲ ಅತ್ತೆ ಪಕ್ಕದಲ್ಲೇ ಇರ್ತಾಳೆ ಅಕ್ಕ. ಸ್ಟೌ ಸಿಡೀತು, ಹಾಲು ಕಾಯ್ಸೋವಾಗ ಸೆರಗಿಗೆ ಹತ್ತಿತು ಅಂತಲೇ ಹೇಳ್ತಾಳೆ. ರಾತ್ರಿ ಎರಡು ಗಂಟೆಗೆ ನನ್ನ ಕೈ ಹಿಡ್ಕೊಂಡು ನಿಜ ಹೇಳ್ತಾಳೆ. ನಾನು ಬರೀಬೇಕಾ, ಡಾಕ್ಟರನ್ನ ಎಬ್ಬಿಸ್ಬೇಕಾ, ಸಾಹೇಬ್ರಿಗೆ ಫೋನ್ ಮಾಡ್ಬೇಕಾ? ಅಷ್ಟರಲ್ಲಿ ಬೆಳಗಾಗ್ತದೆ, ಅತ್ತೆ ಬರ್ತಾಳೆ.”

ಬಸ್ಸು ಶಿಕಾರಿಪುರದಲ್ಲಿ ನಿಂತಾಗ ಇಬ್ಬರೂ ಇಳಿದು ಚಹಾ ಕುಡಿದೆವು. ಅವಳ ಮದುವೆಯ ಮಾತು ಬಂತು. ಸರ್ಕಾರಿ ಕೆಲಸದ ಹುಡುಗಿಗೆ ವರದಕ್ಷಿಣೆ ಕೇಳುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಇವಳ ಮನೆಯಲ್ಲಿ ಬಂಗಾರವನ್ನೂ ಕೊಟ್ಟಿದ್ದರು, ದುಡ್ಡನ್ನೂ ಕೊಟ್ಟಿದ್ದರು. ಈಗ ಸಂಬಳ ಬರುವ ದಿನ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುತ್ತದೆ. ರಾತ್ರಿ ಪಾಳಿ ಮುಗಿಸಿ ಹೋದರೆ ಯಾರ ಜೊತೆ ಇದ್ದೆ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಪ್ರಶ್ನೆ ಮಾತ್ರವೇ ಎಂದು ನಾನು ಕೇಳಿದೆ. ಅವಳು ಲೋಟ ಕೆಳಗಿಟ್ಟಳು.

“ನಾನು ಕಂಪ್ಲೇಂಟ್ ಕೊಡೋಕೆ ಹೋದ್ರೆ ಬರ್ಕೊಳ್ಳೋಕೆ ಲೇಡಿ ಸ್ಟಾಫ್ ಬೇಕಲ್ಲ ಅಕ್ಕ. ನಮ್ಮ ಠಾಣೇಲಿ ಲೇಡಿ ಸ್ಟಾಫ್ ಅಂದ್ರೆ ನಾನೇ.”

ಹೆಸರು, ಊರು, ಠಾಣೆ ಯಾವುದನ್ನೂ ಬರೆಯಬೇಡಿ ಎಂದಳು. ಬರೆದಿಲ್ಲ. ನಮ್ಮ ಹುಡುಗಿ ಬೆಂಚಿನ ಮೇಲೆ ಕೂತಿದ್ದ ದಿನ ಬಂದೋಬಸ್ತಿಗೆ ಹೋಗಿದ್ದವಳು ಇವಳೇ ಇರಬಹುದೇ ಎಂದು ನನಗೆ ಅನ್ನಿಸಿತು. ಕೇಳಲಿಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ಅವಳು ಚಂದ್ರಗುತ್ತಿ ಜಾತ್ರೆಯ ಬಂದೋಬಸ್ತಿನ ಮಾತು ತೆಗೆದಳು. ಅಲ್ಲಿಗೆ ಡ್ಯೂಟಿ ಬಿದ್ದರೆ ಹಿರಿಯರು ಈಗಲೂ ‘ಹುಷಾರು’ ಎನ್ನುತ್ತಾರಂತೆ. ನಮ್ಮ ಓದುಗರಲ್ಲಿ ಚಿಕ್ಕ ವಯಸ್ಸಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಚಂದ್ರಗುತ್ತಿ ಇದೇ ಸೊರಬ ತಾಲ್ಲೂಕಿನದು. ವರದಾ ನದಿಯಲ್ಲಿ ಮಿಂದು, ಬಟ್ಟೆಯಿಲ್ಲದೆ ಬೆಟ್ಟದ ರೇಣುಕಾಂಬೆಯ ಗುಡಿಗೆ ಹೋಗುವ ಹರಕೆ ಅಲ್ಲಿತ್ತು. ಹರಕೆ ಹೊತ್ತು ಹೋಗುತ್ತಿದ್ದವರಲ್ಲಿ ಬಹುಪಾಲು ಬಡವರು, ದಲಿತರು, ಹಿಂದುಳಿದವರು, ಹೆಣ್ಣುಮಕ್ಕಳು. ನೋಡಲು ಬರುತ್ತಿದ್ದವರು ಯಾರೆಂದು ನಾನು ಹೇಳಬೇಕಿಲ್ಲ. 1986ರ ಮಾರ್ಚ್‌ನಲ್ಲಿ ಇದು ಬೇಡವೆಂದು ತಿಳಿಹೇಳಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಇತರರೂ ಹೋದರು. ಪೊಲೀಸರನ್ನು ಹಾಕಿದ್ದರು. ಗುಂಪು ತಿರುಗಿ ಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಅವರಲ್ಲಿ ಮಹಿಳಾ ಪೊಲೀಸರೂ ಇದ್ದರು.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಪತ್ರಿಕೆಗಳು ಬರೆದವು, ಸಭೆಗಳು ನಡೆದವು. ದೇವಿ, ಭಕ್ತಿ, ಮೌಢ್ಯ, ಜಾತಿ ಎಲ್ಲದರ ಚರ್ಚೆಯಾಯಿತು, ಆಗಲೇಬೇಕಿತ್ತು. ಆದರೆ ಅಂದು ಕೆಲಸದ ಮೇಲೆ ಹೋಗಿ ಬಟ್ಟೆ ಕಳೆದುಕೊಂಡ ಆ ಪೊಲೀಸ್ ಹೆಣ್ಣುಮಕ್ಕಳು ಮರುವಾರ ರೋಲ್ ಕಾಲಿನಲ್ಲಿ ಹೇಗೆ ನಿಂತರು, ಮನೆಯಲ್ಲಿ ಏನು ಕೇಳಿಸಿಕೊಂಡರು ಎಂದು ನಾನಂತೂ ಅಂದು ಯೋಚಿಸಲಿಲ್ಲ. ಅವರು ‘ಸರ್ಕಾರದ ಕಡೆಯವರು’ ಎಂದುಕೊಂಡಿದ್ದೆ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಚಳವಳಿ ಠಾಣೆಯ ಮುಂದೆ ಧರಣಿ ಕೂತಾಗ ನಮ್ಮನ್ನು ಎಳೆದು ವ್ಯಾನಿಗೆ ಹತ್ತಿಸಿದ್ದೂ ಇವರೇ, ಅದಕ್ಕೇ ಇರಬೇಕು.

ಈಗ ಕೆಲವು ಅಂಕಿ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ 2014ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಠಾಣೆಯ ಸಿಬ್ಬಂದಿಯಲ್ಲಿ ಶೇ. 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. ತಮ್ಮ ಸಿಬ್ಬಂದಿ ಹನ್ನೊಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕೆಲಸದಲ್ಲಿರಬೇಕಾಗುತ್ತದೆ ಎಂದವರು ಠಾಣಾಧಿಕಾರಿಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು. ಬ್ರಿಟಿಷರು 1861ರಲ್ಲಿ ಮಾಡಿದ ಪೊಲೀಸ್ ಕಾಯಿದೆ, ಪೊಲೀಸನು ಸದಾ ಕರ್ತವ್ಯದಲ್ಲಿರುವವನು ಎಂದೇ ಹೇಳಿತ್ತು. ಸದಾ ಕರ್ತವ್ಯದಲ್ಲಿ ಇರುವುದು ಹೇಗೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ನಮ್ಮ ರಾಜ್ಯದ ಪೊಲೀಸರು ಹೊರಟಿದ್ದು ನೆನಪಿದೆಯೇ? ಸಂಬಳ, ರಜೆ, ಮೇಲಧಿಕಾರಿಗಳ ಮನೆಯ ಆರ್ಡರ್ಲಿ ಕೆಲಸ ಅವರ ಸಂಕಟಗಳಾಗಿದ್ದವು. ಸರ್ಕಾರ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಮಾಡಿತು, ಸಂಬಳ ಒಂದಿಷ್ಟು ಏರಿತು. ದಿನದ ಗಂಟೆಗಳು ಇಳಿಯಲಿಲ್ಲ.

ಹೆಂಗಸರ ಸಂಖ್ಯೆ? 2022ರ ಲೆಕ್ಕದಲ್ಲಿ ಇಡೀ ದೇಶದ ಪೊಲೀಸರಲ್ಲಿ ಮಹಿಳೆಯರು ನೂರಕ್ಕೆ ಹನ್ನೆರಡು ಮಂದಿಯೂ ಇರಲಿಲ್ಲ. ಪ್ರತಿ ಠಾಣೆಯಲ್ಲಿ ಕನಿಷ್ಠ 3 ಮಹಿಳಾ ಸಬ್‌ಇನ್‌ಸ್ಪೆಕ್ಟರುಗಳು, 10 ಮಹಿಳಾ ಕಾನ್‌ಸ್ಟೇಬಲ್‌ಗಳು ಇರಬೇಕು, ಒಟ್ಟು ಬಲದಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಬೇಕು ಎಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ 2013ರಿಂದ ಸಲಹೆ ಬರೆಯುತ್ತಲೇ ಬಂದಿದೆ. ಹತ್ತು ಮಂದಿ ಯಾಕೆ ಬೇಕು? ದಿನಕ್ಕೆ ಮೂರು ಪಾಳಿ. ಒಬ್ಬಳು ಕೋರ್ಟಿಗೆ, ಒಬ್ಬಳು ಬಂದೋಬಸ್ತಿಗೆ, ಒಬ್ಬಳು ಹೆರಿಗೆ ರಜೆಗೆ, ಒಬ್ಬಳು ವಾರದ ರಜೆಗೆ ಹೋದರೂ ಬೆಂಚಿನ ಮೇಲೆ ಕೂತವಳಿಗೆ ಉತ್ತರ ಕೊಡಲು ಇನ್ನೊಬ್ಬಳು ಇರಬೇಕಲ್ಲ, ಅದಕ್ಕೆ.

ಪ್ರತ್ಯೇಕ ಮಹಿಳಾ ಠಾಣೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ದೇಶದ ಮೊದಲ ಮಹಿಳಾ ಠಾಣೆ 1973ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ತೆರೆಯಿತು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗದಲ್ಲಿದೆ. ಒಳ್ಳೆಯದೇ. ಆದರೆ ಕ್ಯಾಸನೂರಿನಿಂದ ಶಿವಮೊಗ್ಗಕ್ಕೆ ಊದಿದ ತೋಳು ಹಿಡಿದುಕೊಂಡು ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ನನಗೆ ಬೇಕಿರುವುದು ಹತ್ತಿರದ ಠಾಣೆಯಲ್ಲೇ ಹೆಂಗಸರು.

ಇಷ್ಟೆಲ್ಲ ಬರೆದೆನೆಂದು ಪೊಲೀಸರ ಪರ ವಕಾಲತ್ತು ಹಾಕಿದ್ದೇನೆ ಎಂದುಕೊಳ್ಳಬೇಡಿ. ‘ಹೊಂದಿಕೊಂಡು ಹೋಗಮ್ಮ, ನಾವೆಲ್ಲ ಹೋಗ್ತಿಲ್ವಾ’ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳುವ ಮಹಿಳಾ ಪೊಲೀಸರೂ ಇದ್ದಾರೆ. ಅವರ ಬಾಯಲ್ಲಿ ಆ ಮಾತು ಗಂಡಸಿನ ಬಾಯಿಯದಕ್ಕಿಂತ ಹೆಚ್ಚು ಚುಚ್ಚುತ್ತದೆ. ಕೆಲವರು ದುಡ್ಡು ತಿನ್ನುತ್ತಾರೆ. ಕೆಲವರು ರಾಜಿ ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ದಣಿದಿದ್ದಾರೆ ಎಂಬುದು ನಮ್ಮನ್ನು ವಾಪಸು ಕಳಿಸಲು ಕಾರಣವಾಗುವುದಿಲ್ಲ. ದಣಿದ ನರ್ಸು ಹೆರಿಗೆ ಮಾಡಿಸುವುದಿಲ್ಲ ಎನ್ನಬಹುದೇ? ಆದರೆ ಆ ನರ್ಸಿಗೆ ಪಾಳಿ ಬದಲಿಸುವವಳನ್ನು ಕೊಡಿ ಎಂದು ಕೇಳುವುದು ಹೆರಿಗೆಗೆ ಬಂದವಳ ಕೆಲಸವೂ ಹೌದು. ಕೇಳದಿದ್ದರೆ ಕಷ್ಟ ಅವಳಿಗೇ. ಬಸ್ಸಿನಲ್ಲಿ ಸಿಕ್ಕವಳ ಊದಿದ ಪಾದವೂ ಬೆಂಚಿನ ಮೇಲೆ ಕಾದವಳ ಊದಿದ ತೋಳೂ ಒಂದೇ ಲೆಕ್ಕದ ಎರಡು ಬದಿ ಎಂದು ನನಗೆ ಕಂಡದ್ದು ಹೀಗೆ.

ಮುಂದಿನ ತಿಂಗಳು ಮತ್ತೆ ಕ್ಯಾಸನೂರಿಗೆ ಹೋದಾಗ ಇದನ್ನೆಲ್ಲ ಸಂಘದಲ್ಲಿ ಹೇಳಿದೆ. ಹಿರಿಯ ಸದಸ್ಯೆ ಕೇಳಿದರು: “ಹಂಗಾರೆ ನಮ್ಮ ಹುಡುಗಿಯರೇ ಎಂತಕ್ಕೆ ಸೇರಬಾರ್ದು?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಪೊಲೀಸ್ ಹುಡುಗಿಗೆ ಗಂಡು ಯಾರು ಕೊಡ್ತಾರೆ? ರಾತ್ರಿ ಹೊತ್ತು ಹೊರಗಿರೋ ಕೆಲಸ. ಪ್ಯಾಂಟು ಹಾಕ್ಬೇಕು. (ಖಾಕಿ ಸೀರೆಯ ಬದಲು ಪ್ಯಾಂಟು ಶರ್ಟು ಎಂದು 2018ರಲ್ಲಿ ಆದೇಶವಾಯಿತು. ಆಗ ನಮ್ಮ ರಾಜ್ಯದ ಪೊಲೀಸ್ ಮುಖ್ಯಸ್ಥೆ ಒಬ್ಬ ಹೆಣ್ಣುಮಗಳು, ನೀಲಮಣಿ ರಾಜು. ಸೀರೆಯುಟ್ಟು ಕಳ್ಳನ ಹಿಂದೆ ಓಡುವ ಕಷ್ಟ ಗಂಡಸು ಮುಖ್ಯಸ್ಥರಿಗೆ ಹೊಳೆದಿರಲಿಕ್ಕಿಲ್ಲ.) ಒಬ್ಬ ತಾಯಿ ಮೆಲ್ಲಗೆ, ‘ನಮ್ಮವಳು ಪಿಯುಸಿ ಮುಗಿಸಿ ಮನೇಲಿದಾಳೆ’ ಎಂದಳು.

ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪಿಯುಸಿ ಸಾಕು. ಹಿಂದಿನ ನೇಮಕಾತಿಗಳಲ್ಲಿ ಹೆಣ್ಣುಮಕ್ಕಳಿಗೆ ಎತ್ತರ 157 ಸೆಂಟಿಮೀಟರ್, ತೂಕ ಕನಿಷ್ಠ 45 ಕೆಜಿ ಕೇಳಿದ್ದರು. ಓಟ 400 ಮೀಟರ್, ಎರಡು ನಿಮಿಷದೊಳಗೆ. ಉದ್ದ ಜಿಗಿತ ಎರಡೂವರೆ ಮೀಟರ್, ಇಲ್ಲವೇ ಎತ್ತರ ಜಿಗಿತ 90 ಸೆಂಟಿಮೀಟರ್. ನಾಲ್ಕು ಕೆಜಿಯ ಗುಂಡನ್ನು 3.75 ಮೀಟರ್ ದೂರ ಎಸೆಯಬೇಕು. ಪ್ರಕಟಣೆ ಬಂದಾಗ ನೋಡಿಕೊಳ್ಳಿ, ಬದಲಾಗಿರಬಹುದು. ನಾಲ್ಕು ಕೆಜಿ ಎಂದಾಗ ಹೆಂಗಸರೆಲ್ಲ ನಕ್ಕರು. ಒಂದು ಕೊಡ ನೀರೇ ಹದಿನೈದು ಕೆಜಿ ಮೇಲೆ ತೂಗುತ್ತದೆ. ಸೊಪ್ಪಿನ ಹೊರೆ ಅದಕ್ಕೂ ಹೆಚ್ಚು.

ಎತ್ತುವುದು ಇವರಿಗೆ ಕಷ್ಟವಲ್ಲ. ಕಷ್ಟವಾಗಿದ್ದು ಓಟ. ಆ ಹುಡುಗಿ ಏಳನೇ ತರಗತಿಯ ನಂತರ ಓಡಿಯೇ ಇಲ್ಲವಂತೆ. ದೊಡ್ಡವಳಾದ ಮೇಲೆ ಮೆಲ್ಲಗೆ ನಡೆ ಎಂದು ಅಜ್ಜಿ ಹೇಳಿದ್ದು, ಅಲ್ಲಿಗೆ ನಿಂತಿತು. ನಾವು ಯೋಚಿಸಿ ನೋಡಿದರೆ ನಮ್ಮಲ್ಲಿ ಯಾರೂ ಓಡಿಲ್ಲ. ಬಸ್ಸಿಗೆ ಓಡಿದ್ದು ಬಿಟ್ಟರೆ, ಹೊಡೆಯಲು ಬಂದವನಿಂದ ಓಡಿದ್ದು ಬಿಟ್ಟರೆ. ಗದ್ದೆ ಅಂಚಿನ ರಸ್ತೆಯಲ್ಲಿ ಹಗ್ಗ ಹಿಡಿದು ನಾನೂರು ಮೀಟರ್ ಅಳೆದೆವು. ಮೊದಲ ದಿನ ಬೆಳಿಗ್ಗೆ ಆರಕ್ಕೆ ಅವಳು ಓಡುವಾಗ ಇಬ್ಬರು ಗಂಡಸರು ಬೈಕ್ ನಿಲ್ಲಿಸಿ ನೋಡಿದರು. ಮರುದಿನ ಸಂಘದ ಆರು ಮಂದಿ ರಸ್ತೆಯುದ್ದಕ್ಕೂ ಕೈಯಲ್ಲಿ ಕತ್ತಿ ಹಿಡಿದು ಹುಲ್ಲು ಕೊಯ್ಯುತ್ತಿದ್ದರು. ಯಾರೂ ಬೈಕ್ ನಿಲ್ಲಿಸಲಿಲ್ಲ.

ಸೇರುವುದಾದರೆ ಕಣ್ಣು ತೆರೆದು ಸೇರಲಿ ಎಂದು ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಅವಳಿಗೆ ಹೇಳಿದ್ದೇನೆ. ನೀರಿನ ವಿಷಯ, ವಾರ್ಡಿನ ರಾತ್ರಿ, ಪಂಚನಾಮೆ ಯಾವುದನ್ನೂ ಮುಚ್ಚಿಟ್ಟಿಲ್ಲ. ಸಂಬಳ ಯಾರ ಕೈಯಲ್ಲಿ ಇರಬೇಕು ಎಂಬುದನ್ನೂ ಹೇಳಿದೆ. ದುಡಿದ ದುಡ್ಡನ್ನು ಕಿತ್ತುಕೊಳ್ಳುವುದು ಕೂಡ 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಹಿಂಸೆಯೇ. ಅದರ ದೂರಿಗೆ ಠಾಣೆಗೇ ಹೋಗಬೇಕೆಂದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. 181ಕ್ಕೂ ಫೋನ್ ಮಾಡಬಹುದು. ಈ ಮಾತನ್ನು ಬಸ್ಸಿನವಳಿಗೂ ಹೇಳಿದ್ದೆ. ನಂಬರು ಗೊತ್ತು ಅಕ್ಕ, ದಿನಾ ನಾನೇ ಬೇರೆಯವರಿಗೆ ಬರೆದು ಕೊಡ್ತೀನಲ್ಲ ಎಂದಿದ್ದಳು.

ಸಂಘ ಒಂದು ಅರ್ಜಿಯನ್ನೂ ಬರೆಯಿತು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ಠಾಣೆಯಲ್ಲಿ ಹಗಲೂ ರಾತ್ರಿಯೂ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕು, ಅವರನ್ನು ಬಂದೋಬಸ್ತಿಗೆ ಕಳಿಸಿದರೆ ಬದಲಿಯವರನ್ನು ಹಾಕಬೇಕು. ಜಾತ್ರೆ, ಸಭೆ, ಮಂತ್ರಿಗಳ ಭೇಟಿಯಲ್ಲಿ ನಿಲ್ಲಿಸುವ ಮಹಿಳಾ ಪೊಲೀಸರಿಗೆ ಶೌಚಾಲಯದ ವ್ಯವಸ್ಥೆ ಮಾಡಬೇಕು. ಲೇಡಿ ಸ್ಟಾಫ್ ಇಲ್ಲವೆಂದು ಯಾರನ್ನೂ ದೂರು ಪಡೆಯದೆ ಕಳಿಸಬಾರದು. ಎರಡನೆಯದನ್ನು ಓದಿದಾಗ ಒಬ್ಬಾಕೆ, ‘ಪೊಲೀಸರಿಗೆ ಕಕ್ಕಸು ಕೇಳೋದು ನಮ್ಮ ಕೆಲಸನಾ?’ ಎಂದಳು. ಬೆಂಚಿನ ಮೇಲೆ ಸಂಜೆ ನಾಲ್ಕರವರೆಗೆ ಕೂತಿದ್ದ ಹುಡುಗಿ ಈಗ ತವರಿನಲ್ಲಿದ್ದಾಳೆ, ಸಂಘದ ಪುಸ್ತಕ ಬರೆಯುತ್ತಾಳೆ. ಅರ್ಜಿ ಬರೆದವಳೂ ಅವಳೇ. ತಲೆಯೆತ್ತದೆ ಹೇಳಿದಳು: “ಅವತ್ತು ಠಾಣೇಲಿ ನನಗೂ ಹೋಗೋಕೆ ಜಾಗ ಇರ್ಲಿಲ್ಲ.” ಅರ್ಜಿಗೆ ಹನ್ನೊಂದು ಸಹಿ, ನಾಲ್ಕು ಹೆಬ್ಬೆಟ್ಟು ಬಿದ್ದವು. ಅಂಚೆಯ ರಸೀದಿ ಸಂಘದ ಪೆಟ್ಟಿಗೆಯಲ್ಲಿದೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬರದಿದ್ದರೆ ಬರಲಿಲ್ಲವೆಂದು ಅಚ್ಚು ಹಾಕುತ್ತೇವೆ. ನಿಮ್ಮ ಊರಿನ ಠಾಣೆಯಲ್ಲಿ ಎಷ್ಟು ಮಂದಿ ಮಹಿಳಾ ಪೊಲೀಸರಿದ್ದಾರೆ, ರಾತ್ರಿ ಎಷ್ಟು ಮಂದಿ ಇರುತ್ತಾರೆ ಎಂದು ಕೇಳಿ ನಮಗೆ ಬರೆಯಿರಿ.

ಪಿಯುಸಿ ಮುಗಿಸಿದ ಹುಡುಗಿ ಮೊದಲ ದಿನ ನಾನೂರು ಮೀಟರ್ ಓಡಿ ಮುಗಿಸಲಿಲ್ಲ, ಅರ್ಧಕ್ಕೆ ಕೂತಳು. ಕಳೆದ ವಾರ ಅವಳ ತಾಯಿ ಫೋನ್ ಮಾಡಿದ್ದಳು. ಎರಡು ನಿಮಿಷ ಒಂಬತ್ತು ಸೆಕೆಂಡು.